ರಾಣಿ ಇದ್ದ ಬದಿ

ಆ ಮನೆಗೆ ಜಗಳ ತಂದವಳು ಸಿದ್ದಕ್ಕ. ಪಾಪ, ತಾನು ತಂದದ್ದು ಏನೆಂಬುದು ಅವಳಿಗೇ ತಿಳಿದಿರಲಿಲ್ಲ.

ಉಳ್ಳಾರ್ತಿ ಕಾವಲಿನ ಮಗ್ಗುಲ ಹಟ್ಟಿಯವಳು. ಬೋರಿನ ಮೋಟಾರು ಸುಟ್ಟಿತ್ತೆಂದು ಅದನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಮಗನ ಜೊತೆ ಚಳ್ಳಕೆರೆಗೆ ಬಂದಿದ್ದಳು. ಎರಡು ಸಾವಿರದ ಮೂರನೇ ಇಸವಿಯ ಮಾತು. ಪಾವಗಡ ರಸ್ತೆಯಲ್ಲಿ ಜುಲ್ಫಿಕರನ ಮೋಟಾರ್ ವೈಂಡಿಂಗ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಹೂವಿನ ಪರದೆ. ಮಗ ತಾಮ್ರದ ತಂತಿಯ ರೇಟಿಗೆ ಚೌಕಾಶಿ ಮಾಡುತ್ತಿರುವಾಗ ಸಿದ್ದಕ್ಕ ಬೆಂಚಿನ ಮೇಲೆ ಕೂತಿದ್ದ ಮುದುಕರನ್ನು ದಿಟ್ಟಿಸಿದಳು. ಅವರು ಜುಲ್ಫಿಕರನ ತಂದೆ ಬಡೇಸಾಬರು. ಒಂದು ಕಾಲಕ್ಕೆ ಪೇಟೆಯ ಪಾತ್ರೆ ಅಂಗಡಿಗಳ ಮುಂದೆ ಗೋಣಿತಾಟು ಹಾಸಿಕೊಂಡು ಪಾತ್ರೆಗಳ ಮೇಲೆ ಹೆಸರು ಕೆತ್ತುತ್ತಿದ್ದವರು. ತಾಲ್ಲೂಕಿನಲ್ಲಿ ಮದುವೆಗೆ ಮುಯ್ಯಿ ಕೊಟ್ಟ ಯಾವ ಕೊಡ, ಯಾವ ತಂಬಿಗೆಯನ್ನು ತಿರುಗಿಸಿ ನೋಡಿದರೂ ಅವರ ಕೈಬರಹವೇ.

ಬಡೇಸಾಬರ ಸೊಸೆ ಜೀನತ್ ಚಹಾದ ತಟ್ಟೆ ಹಿಡಿದು ಪರದೆ ಸರಿಸಿದಾಗ ಸಿದ್ದಕ್ಕ ಎಲೆಅಡಿಕೆ ಸಂಚಿ ಬಿಚ್ಚಿ ಒಂದು ಬೆಳ್ಳಿ ರೂಪಾಯಿ ಹೊರತೆಗೆದಿದ್ದಳು.

"ಸಾಬ್ರೆ, ಇದು ನಿಮ್ ಕೈದೇ ಅಲ್ವಾ?"

ಒಂದು ಬದಿಯಲ್ಲಿ ಕಿರೀಟದ ರಾಣಿ. ಇನ್ನೊಂದು ಬದಿಯಲ್ಲಿ ಒಂದು ರೂಪಾಯಿ ಎಂದು ಬರೆದಿದ್ದುದನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ ಚಿತ್ರ ಕೆತ್ತಿತ್ತು: ಸೆರಗಿನ ಮಡಿಕೆ, ಮಡಿಕೆಯೊಳಗಿಂದ ಮೇಲೆದ್ದ ಕುರಿಮರಿಯ ಎರಡು ಕಿವಿ. ಬಡೇಸಾಬರ ಕಣ್ಣಿಗೆ ಪೊರೆ ಬಂದಿತ್ತು. ನಾಣ್ಯವನ್ನು ಮೂಗಿನ ಹತ್ತಿರ ಹಿಡಿದರು, ಹೆಬ್ಬೆರಳಿನಿಂದ ಸವರಿದರು, ಆಮೇಲೆ ನಕ್ಕರು.

"ಕುರಿಮರಿ ಹುಡುಗಿ ನೀನೇ ಏನವ್ವ?"

ಸಿದ್ದಕ್ಕನ ಗಂಡ ಚಿಕ್ಕೀರಪ್ಪ, ಈಗ ಇಲ್ಲ, ಮದುವೆಗೆ ಮುಂಚೆ ಕೆತ್ತಿಸಿಕೊಂಡು ಬಂದು ಕೊಟ್ಟಿದ್ದನಂತೆ. ಆ ಕಾಲದ ಹುಡುಗರೆಲ್ಲ ಕದ್ದು ಇವರ ಹತ್ತಿರ ಬರುತ್ತಿದ್ದರಂತೆ. ಹೆಸರು ಹಾಕಿಸಿದರೆ ಹುಡುಗಿಯ ಅಣ್ಣತಮ್ಮಂದಿರು ಕಾಲು ಮುರಿಯುತ್ತಿದ್ದರು. ಅದಕ್ಕೇ ಬರೀ ಚಿತ್ರ. ಮೇಲೆ ರಾಣಿ ಊರಿಗೆಲ್ಲ, ಕೆಳಗಿನದು ಅವಳೊಬ್ಬಳಿಗೆ. ಇಷ್ಟು ಹೇಳಿ ಸಿದ್ದಕ್ಕ, ಜೀನತ್‌ಳ ಹಿಂದೆ ಬಿಸ್ಕತ್ತಿನ ಡಬ್ಬ ಹಿಡಿದು ನಿಂತಿದ್ದ ಅತ್ತೆ ದಿಲ್ಶಾದ್ ಬೇಗಮ್ಮರ ಕಡೆ ತಿರುಗಿದಳು.

"ನಿಮಗೇನು ಕೆತ್ತಿ ಕೊಟ್ಟವ್ರಮ್ಮ? ಎಲ್ಲಾದಕಿಂತ ಅದೇ ಚೆಂದ ಇರಬೇಕು. ಒಂಚೂರು ತೋರ್ಸಿ."

"ಒಳಗೈತೆ," ಎಂದು ದಿಲ್ಶಾದ್ ಬೇಗಂ ಡಬ್ಬ ಬೆಂಚಿನ ಮೇಲಿಟ್ಟು ಒಳಗೆ ಹೋದರು. ಒಳಗೆ ಏನೂ ಇರಲಿಲ್ಲ. ಮದುವೆಯಾಗಿ ಐವತ್ತು ವರ್ಷವಾದರೂ ಗಂಡ ನಾಣ್ಯ ಕೆತ್ತುತ್ತಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಕೊಟ್ಟಿದ್ದಂತೂ ದೂರದ ಮಾತು.

ಆ ಮನೆಯಲ್ಲಿ ಒಳಗೆ ಉರ್ದು, ಅಂಗಡಿಯಲ್ಲಿ ಕನ್ನಡ. ಜಗಳ ಮಾತ್ರ ಎರಡರಲ್ಲೂ ಆಗುತ್ತಿತ್ತು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ದಿಲ್ಶಾದ್ ಬೇಗಂ ಗಂಡನ ತಟ್ಟೆಗೆ ರೊಟ್ಟಿ ಹಾಕುತ್ತ ತಣ್ಣಗೆ ಕೇಳಿದರು.

"ಒಟ್ಟು ಎಷ್ಟು ಕೆತ್ತಿದ್ರಿ?"

"ಯಾರು ಲೆಕ್ಕ ಇಟ್ಟಾರೆ. ನೂರಾಗಬಹುದು."

"ನೂರು ಹೆಂಗಸರಿಗೆ."

"ಹೆಂಗಸರಿಗಲ್ಲ, ಹುಡುಗರಿಗೆ. ಆ ಹುಡುಗೀರ ಮುಖ ಸುದಾ ನೋಡಿಲ್ಲ ನಾನು."

"ಮುಖ ನೋಡದೋರಿಗೆ ನೂರು. ದಿನಾ ಮುಖ ನೋಡೋಳಿಗೆ?"

ಬಡೇಸಾಬರು ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ಬಾಯಿಗಿಟ್ಟು, ಅಗಿದು ನುಂಗಿದರು. ಅಷ್ಟು ಹೊತ್ತು ಯೋಚಿಸಿಯೂ ಅವರು ಹೇಳಿದ್ದು ಒಂದೇ ಮಾತು.

"ನೀನು ಕೇಳ್ಲಿಲ್ಲ."

ಜುಲ್ಫಿಕರನಿಗೆ ನೆತ್ತಿಗೆ ಹತ್ತಿತು. ಜೀನತ್ ನೀರಿನ ಲೋಟ ಅವನ ಕೈಗೆ ಕೊಟ್ಟು ಅತ್ತೆಯ ಮುಖ ನೋಡಿದಳು. ಈ ಮಾತು ಬೇಗ ತೀರುವುದಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತು.

"ಆ ಹುಡುಗೀರು ಕೇಳಿದ್ರಾ?" ಎಂದರು ದಿಲ್ಶಾದ್ ಬೇಗಂ. ಅಂದಿನಿಂದ ಗಂಡನ ಜೊತೆ ನೇರವಾಗಿ ಮಾತು ನಿಲ್ಲಿಸಿದರು.

ಅನ್ನ ನೀರಿಗೆ ಕೊರತೆಯೇನೂ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಔಷಧಿಯ ಮಾತ್ರೆಯೂ ಬರುತ್ತಿತ್ತು. ಆದರೆ ಪಕ್ಕದಲ್ಲೇ ಕೂತ ಗಂಡನಿಗೆ ಹೇಳಬೇಕಾದ್ದನ್ನು ಮೊಮ್ಮಗಳು ಶಬೀನಾಳಿಗೆ ಹೇಳುತ್ತಿದ್ದರು: ನಿಮ್ಮ ದಾದಾನಿಗೆ ಹೇಳು, ನೀರು ಕಾದೈತೆ. ನಿಮ್ಮ ದಾದಾನಿಗೆ ಹೇಳು, ಬನಿಯನ್ ಉಲ್ಟಾ ಹಾಕ್ಕೊಂಡವ್ರೆ. ಪಿಯುಸಿ ಓದುತ್ತಿದ್ದ ಶಬೀನಾ ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ನೆಟ್ಟಗೆ ಕೂತು, "ವಾರ್ತೆಗಳು. ದಾದಾ ಅವರ ಬನಿಯನ್ ಉಲ್ಟಾ ಆಗಿದೆ ಎಂದು ತಿಳಿದುಬಂದಿದೆ," ಎನ್ನುತ್ತಿದ್ದಳು. ಜುಲ್ಫಿಕರ್ ನಗುತ್ತಿದ್ದ. ಅವನ ಅಮ್ಮಿ ನಗುತ್ತಿರಲಿಲ್ಲ.

ಹಳೆಯದೆಲ್ಲ ಹೊರಗೆ ಬಂತು. ಊರ ಪಾತ್ರೆಗಳಿಗೆಲ್ಲ ಹೆಸರು ಕೆತ್ತಿದ ಮನುಷ್ಯ ತನ್ನ ಮನೆಯ ಒಂದು ಚಮಚಕ್ಕೂ ಹೆಸರು ಹಾಕಿರಲಿಲ್ಲ. ಮೊಹಲ್ಲಾದಲ್ಲಿ ಯಾರದಾದರೂ ಮದುವೆಗೆ ಪಾತ್ರೆ ಕೊಟ್ಟರೆ ಎಲ್ಲರದೂ ಗುರುತು ಹಿಡಿದು ವಾಪಸ್ಸು ಬರುತ್ತಿತ್ತು, ಇವರದು ಹೋದದ್ದು ಹೋದದ್ದೇ. ಕಳೆದುಹೋದ ಬೋಗುಣಿ, ಹಂಡೆ, ಜರಡಿಗಳನ್ನು ದಿಲ್ಶಾದ್ ಬೇಗಂ ಪಾತ್ರೆ ಉಜ್ಜುತ್ತ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತು ತೊಳೆಯುತ್ತಿದ್ದ ಜೀನತ್ ಹೂಂಗುಟ್ಟಬೇಕಿತ್ತು. ಒಂದು ಹೂಂ ತಪ್ಪಿದರೆ, ನೀನೂ ನಿಮ್ಮ ಮಾವನ ಕಡೆ ಏನು ಎಂಬ ಮಾತು ಬರುತ್ತಿತ್ತು.

ಹೀಗಿರುವಾಗ ಜಯದೇವಪ್ಪ ಬಂದರು. ದಾವಣಗೆರೆಯವರು, ಹಳೇ ನಾಣ್ಯ ಕೊಂಡು ಮಾರುವ ಕೆಲಸ. ಸಿದ್ದಕ್ಕನ ನಾಣ್ಯದ ಸಂಗತಿ ಬಜಾರಿನಲ್ಲಿ ಹರಡಿ ಅವರ ಕಿವಿಗೂ ಬಿದ್ದಿತ್ತು. ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಜುಲ್ಫಿಕರನಿಗೆ ಬೆಲೆಯ ಲೆಕ್ಕ ಬಿಡಿಸಿ ಹೇಳಿದರು. ಕೆತ್ತದ ರಾಣಿ ರೂಪಾಯಿಗೆ ಇನ್ನೂರು ಬರುತ್ತದೆ. ಉಜ್ಜಿ ಕೆತ್ತಿದರೆ ನಾಣ್ಯ ಕೆಟ್ಟಂತೆಯೇ, ಬೆಳ್ಳಿಯ ತೂಕಕ್ಕೆ ಹೋಗುತ್ತದೆ. ಆದರೆ ಪ್ರೇಮಿಗಳು ಕೊಟ್ಟುಕೊಂಡ ಇಂಥ ನಾಣ್ಯಗಳನ್ನೇ ಹುಡುಕುವ ಹುಚ್ಚರಿದ್ದಾರೆ. ಕೈ ಚೆನ್ನಾಗಿದ್ದು, ಹಿಂದೊಂದು ಕಥೆಯೂ ಇದ್ದರೆ ಅವರು ಎರಡು ಸಾವಿರಕ್ಕೂ ಹಿಂದೆಮುಂದೆ ನೋಡುವುದಿಲ್ಲ. ಕೆತ್ತಿದ ಕೈ ಇನ್ನೂ ಬದುಕಿದೆ ಎಂದರೆ ಕೇಳುವುದೇ ಬೇಡ. ಎರಡು ರಾಣಿ ರೂಪಾಯಿಗಳನ್ನು ಮೇಜಿನ ಮೇಲಿಟ್ಟು, ನಿಮ್ಮ ತಂದೆಯವರ ಕೈಲಿ ಕೆತ್ತಿಸಿಡಿ, ತಿಂಗಳು ಬಿಟ್ಟು ಬರುತ್ತೇನೆ ಎಂದು ಹೊರಟರು.

ಜುಲ್ಫಿಕರ್ ನಾಣ್ಯಗಳನ್ನು ತಂದೆಯ ಮುಂದಿಟ್ಟ.

"ಯಾರಿಗೆ?" ಎಂದರು ಬಡೇಸಾಬರು.

"ಯಾರಿಗೂ ಅಲ್ಲ ಅಬ್ಬಾ. ಮಾರೋಕೆ."

"ಯಾರಿಗೂ ಅಲ್ಲ ಅಂದ್ರೆ ಏನು ಕೆತ್ಲಿ?"

"ಒಂದು ಹೂವೋ ಗಿಣಿಯೋ ಕೆತ್ತಿ. ಯಾರು ಕೇಳ್ತಾರೆ."

"ಹೂವು ಬೇಕಾದ್ರೆ ಸೀರೆ ಅಂಗಡಿಗೆ ಹೋಗು."

ಅವರ ಕೆಲಸದ ರೀತಿಯೇ ಬೇರೆಯಾಗಿತ್ತು. ಬಂದ ಹುಡುಗನಿಗೆ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ನೀನು ನೋಡ್ತಿದ್ದೀಯ ಅಂತ ಗೊತ್ತಿಲ್ಲದಾಗ ಅವಳು ಏನು ಮಾಡ್ತಿದ್ಲು? ಚಂದ್ರನಂಥ ಮುಖ, ಜಿಂಕೆಯಂಥ ಕಣ್ಣು ಎಂದವನನ್ನು, ಹೋಗಿ ನೋಡ್ಕೊಂಡು ಬಾ ಎಂದು ಎಬ್ಬಿಸಿ ಕಳಿಸುತ್ತಿದ್ದರು. ಮುಖವನ್ನಂತೂ ಕೆತ್ತುತ್ತಲೇ ಇರಲಿಲ್ಲ. ಮುಖ ಮಾಡುವುದು ಅಲ್ಲಾನ ಕೆಲಸ, ಹುಡುಗನ ತಲೆ ಉಳಿಸುವುದು ನನ್ನ ಕೆಲಸ ಎನ್ನುತ್ತಿದ್ದರು. ಮೊಳಕಾಲ್ಮೂರಿನ ನೇಕಾರರ ಹುಡುಗನೊಬ್ಬನನ್ನು ಹೀಗೇ ಮತ್ತೆ ಮತ್ತೆ ವಾಪಸ್ಸು ಕಳಿಸಿದ್ದರು. ಕೊನೆಗೆ ಅವನು ಬಂದು, ಸಿಕ್ಕಾದ ರೇಷ್ಮೆ ಎಳೆಯನ್ನು ಅವಳು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಎರಡೂ ಕೈಯಲ್ಲಿ ಬಿಡಿಸುತ್ತಿದ್ದಳು ಎಂದ. ಬಡೇಸಾಬರು ಕಾಲ್ಬೆರಳನ್ನೇ ಕೆತ್ತಿ ಕೊಟ್ಟರು. ಅವಳ ಹೆಸರು ಕೊಟ್ರಮ್ಮ, ಅವನನ್ನೇ ಮದುವೆಯಾದಳು.

ಇದನ್ನೆಲ್ಲ ಹೇಳುವಾಗ ಅವರ ಮುಖ ಅರಳಿತ್ತು. ಪರದೆಯ ಆಚೆ ಸೊಪ್ಪು ಸೋಸುತ್ತಿದ್ದ ಅತ್ತೆಯ ಕೈ ನಿಂತದ್ದನ್ನು ಜೀನತ್ ಒಬ್ಬಳೇ ನೋಡಿದಳು.

ಜುಲ್ಫಿಕರನಿಗೆ ಬೇರೆಯೇ ಯೋಚನೆ ಬಂತು. ಹೊಸದನ್ನು ಕೆತ್ತದಿದ್ದರೆ ಬೇಡ, ಹಳೆಯದನ್ನೇ ಕೊಂಡರಾಯಿತು. ಅಮ್ಮಿಯ ತಂಗಿ ಮೊಳಕಾಲ್ಮೂರಿನಲ್ಲೇ ಇದ್ದಾರೆ; ಹೆಂಗಸರು ಹೋಗಿ ಕೇಳಿದರೆ ಆ ಕೊಟ್ರಮ್ಮ ಕೊಟ್ಟರೂ ಕೊಟ್ಟಾಳು. ನಾಣ್ಯದ ಮಾತು ನನ್ನ ಮುಂದೆ ಎತ್ತಬೇಡಿ ಎನ್ನುತ್ತಿದ್ದ ದಿಲ್ಶಾದ್ ಬೇಗಂ, ಬೆಳಿಗ್ಗೆ ಜೀನತ್ ತಲೆ ಬಾಚುವುದರೊಳಗೆ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಕೊಟ್ರಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಡುಮನೆಯ ತುಂಬ ಮಗ್ಗ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಅವಳ ಗಂಡ ನೇಯುತ್ತಿದ್ದ. ಜೀವಮಾನವಿಡೀ ಆ ಸದ್ದು ಕೇಳಿ ಅವನ ಕಿವಿ ಮಂದವಾಗಿತ್ತು. ದಿಲ್ಶಾದ್ ಬೇಗಂ ತಾವು ಯಾರೆಂದು ಹೇಳಿದ್ದೇ ತಡ, ಕೊಟ್ರಮ್ಮ ಅವರ ಎರಡೂ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು.

"ಆ ಬೆಳ್ಳಿ ಬಿಲ್ಲೆನಾ? ಅದೆಲ್ಲೈತೆ ತಾಯಿ. ಜರಿ ರೇಟು ಏರಿದ ವರ್ಷ ಮಾರಿಬಿಟ್ವಿ. ಅಕ್ಕಸಾಲಿ ಕರಗಿಸ್ಬಿಟ್ಟ. ನನ್ನ ಕಾಲ್ಬೆರಳು ಈಗ ಯಾರ ಕಾಲಿನ ಚೈನಾಗೈತೋ."

ಹೇಳುತ್ತ ಅವಳೇ ನಕ್ಕಳು. ದಿಲ್ಶಾದ್ ಬೇಗಂ ನಗಲಿಲ್ಲ. ನಿಮಗೆ ಬೇಜಾರಾಗಲಿಲ್ಲವೇ ಎಂದು ಕೇಳಿದರು.

"ಬೇಜಾರು ಯಾಕೆ? ಈ ಮಹಾನುಭಾವ ಮೂಡು ಸಾರ್ಲು ಬಂದ, ಮೂರು ಸಲ, ನಮ್ಮ ಕಿಟಕಿ ಮುಂದೆ ನಿಂತು ನನ್ನ ನೋಡಾಕೆ. ನಿಮ್ಮ ಯಜಮಾನ್ರು ಕಳಿಸ್ತಿದ್ರಂತೆ. ಮೂರನೇ ಸಲಕ್ಕೆ ನಮ್ಮಪ್ಪ ಬಡಿಗೆ ತಗೊಂಡ. ಏಟು ತಿಂತಾನೂ ನೋಡ್ತಿದ್ದ ಕಣಮ್ಮ." ಗಂಡನ ಕಡೆ ತಿರುಗಿ ಗಂಟಲೆತ್ತಿ, "ಏನು ನೋಡ್ತಿದ್ದೆ ಹೇಳು," ಎಂದಳು.

ಕಿವಿ ಮಂದನಾದ ಗಂಡ ಲಾಳಿ ನಿಲ್ಲಿಸಿ, ಊಟ ಆಮೇಲೆ ಮಾಡ್ತೀನಿ ಎಂದ.

ವಾಪಸ್ಸು ಬರುವಾಗ ಬಸ್ಸು ತಳಕು ಊರನ್ನು ದಾಟಿತು. ಕಿಟಕಿಯಾಚೆ ಶೇಂಗಾ ಹೊಲಗಳು ಹಿಂದೆ ಸರಿಯುತ್ತಿದ್ದವು.

"ನನಗೆ ನಾಣ್ಯ ಬೇಡ ಜೀನತ್," ಎಂದರು ದಿಲ್ಶಾದ್ ಬೇಗಂ. "ಆ ಹುಡುಗ ಏಟು ತಿಂದು ನೋಡಿದ. ನಮ್ಮ ಮನೆಯವರು ಪರದೆಯ ಆ ಕಡೆ ಕೂತವ್ರೆ, ನಾನು ಈ ಕಡೆ. ಇಷ್ಟು ವರ್ಷದಾಗೆ ಒಂದ್ಸಲನಾದ್ರೂ ನನ್ನ ನೋಡ್ಯಾರಾ? ನೋಡಿದ್ರೆ ಏನು ನೋಡಿದ್ರು? ಅದೊಂದು ಗೊತ್ತಾದ್ರೆ ಸಾಕು."

 ಬಸ್ಸು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆಯೊಳಗೆ ಬಂದಾಗ ಅತ್ತೆ ಮತ್ತೆ ಬಾಯಿಬಿಟ್ಟರು. ನಾಣ್ಯವೂ ಇದ್ದರೆ ಬೇಡ ಅನ್ನುವುದಿಲ್ಲ ಎಂದರು.

ಮರುದಿನ ಅತ್ತೆ ನೆರೆಮನೆಯ ಕೂಸನ್ನು ನೋಡಲು ಹೋದ ಹೊತ್ತು ನೋಡಿ ಜೀನತ್ ಮಾವನ ಹತ್ತಿರ ವಿಷಯ ತೆಗೆದಳು. ಬಡೇಸಾಬರು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು. ಉಳಿ ಹಿಡಿದರೆ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು ಎಂದರು.

"ನನ್ನ ಕೈ ನಡುಗಲ್ಲ ಅಬ್ಬಾ," ಎಂದಳು ಜೀನತ್.

ಅದು ನಿಜ. ಆ ಮೊಹಲ್ಲಾದಲ್ಲಿ ಮದುಮಗಳ ಕೈಗೆ ಮೆಹೆಂದಿ ಹಾಕಲು ಕರೆಯುತ್ತಿದ್ದುದು ಅವಳನ್ನೇ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಮೊಳಕೈವರೆಗೆ ಎಲ್ಲೂ ಮುರಿಯದೆ ಎಳೆಯುತ್ತಿದ್ದಳು. ಬಡೇಸಾಬರು ಅವಳನ್ನೂ, ತಮ್ಮ ಕೈಯನ್ನೂ ನೋಡಿದರು. ಹಾಗಾದರೆ ಕೆತ್ತು ಎಂದರು.

"ಕೆತ್ತೋಳು ನಾನಾದ್ರೆ ಕೇಳೋಳೂ ನಾನೇ," ಎಂದು ಜೀನತ್ ಅವರ ಎದುರು ಮಣೆ ಹಾಕಿಕೊಂಡು ಕೂತಳು. "ಅಮ್ಮಿಗೆ ಗೊತ್ತಿಲ್ಲದಂಗೆ ನೀವು ಏನು ನೋಡಿದ್ರಿ?"

ಬಡೇಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಒಳ್ಳೆ ಹೆಂಗಸು. ಮನೆ ಚೆನ್ನಾಗಿ ನಡೆಸಿದಳು."

"ಹೋಗಿ, ನೋಡ್ಕೊಂಡು ಬನ್ನಿ."

 ಅವರು ಮುನಿಸಿಕೊಂಡು ಎದ್ದು ಮಸೀದಿ ಕಡೆ ನಡೆದರು. ಎರಡು ದಿನ ಬಿಟ್ಟು ಬಂದು, ಅವಳ ಕೈಯ ಬಿರಿಯಾನಿ ಇಡೀ ಊರಲ್ಲಿ ಇಲ್ಲ ಎಂದರು. ಜೀನತ್ ತಲೆಯಾಡಿಸಿದಳು. ಅದು ಊರಿಗೆಲ್ಲ ಗೊತ್ತಿರುವುದು. ಮತ್ತೆ ಎದ್ದು ಹೋದರು. ಈ ನಡುವೆ ಅಪ್ಪ ಮನೆಯೊಳಗೆ ಇಣುಕಿ ಇಣುಕಿ ನೋಡುತ್ತಿರುವುದು ಯಾಕೆಂದು ಜುಲ್ಫಿಕರ್ ಹೆಂಡತಿಯನ್ನು ಕೇಳಿದ. ಜೀನತ್ ಹೇಳಿದಳು. ಅವನು ಮೋಟಾರಿನ ಸ್ಕ್ರೂ ಬಿಗಿದ.

"ನನ್ನ ಕೇಳಿದ್ರೆ ನಾನು ಒಂದೇ ಏಟಿಗೆ ಹೇಳ್ತಿದ್ದೆ," ಎಂದ.

"ಏನಂತ?"

"ಗಿರಾಕಿ ಬಂದ್ರು. ಆಮೇಲೆ ಹೇಳ್ತೀನಿ."

ಗಿರಾಕಿ ಯಾರೂ ಬಂದಿರಲಿಲ್ಲ.

ಆ ಶುಕ್ರವಾರ ಬಡೇಸಾಬರು ತಾವಾಗಿಯೇ ಬಂದು ಮಣೆಯ ಎದುರು ಕೂತರು. ಸೊಸೆಯ ಮುಖ ನೋಡದೆ ಗೋಡೆಯ ಕ್ಯಾಲೆಂಡರು ನೋಡುತ್ತ ಹೇಳಿದರು.

"ಸಂಜೆ ಹೊತ್ತು ಹಿಟ್ಟು ನಾದ್ತಿರ್ತಾಳೆ. ಅಷ್ಟೊತ್ತಿಗೆ ಅಜಾನ್ ಆಗ್ತೈತೆ. ತಲೆ ಮೇಲೆ ಸೆರಗು ಹಾಕ್ಕೋಬೇಕು, ಕೈ ತುಂಬ ಹಿಟ್ಟು. ಮೊಳಕೈಲಿ ಎತ್ತಿ ಹಾಕ್ಕೊಂತಾಳೆ. ಅದು ಒಂದ್ಸಲಕ್ಕೆ ಕೂರಲ್ಲ, ಜಾರ್ತೈತೆ. ಮತ್ತೆ ಎತ್ತುತಾಳೆ. ಮದ್ವೆಯಾಗಿ ಬಂದ ವಾರದಾಗೂ ಹಂಗೇ. ನಿನ್ನೇನೂ ಹಂಗೇ. ಇವತ್ತು ಒಂದೇ ಸಲಕ್ಕೆ ಕೂರ್ತೈತೇನೋ ಅಂತ ನಾನು ದಿನಾ ನೋಡ್ತೀನಿ."

ಆಮೇಲೆ, "ಸಾಕಾ?" ಎಂದು ಕೇಳಿದರು.

ಸಾಕು ಎಂದಳು ಜೀನತ್.

ಮನೆಯಲ್ಲಿ ಬೇರೆ ಬೆಳ್ಳಿ ರೂಪಾಯಿ ಇರಲಿಲ್ಲ. ಜಯದೇವಪ್ಪ ಬಿಟ್ಟುಹೋಗಿದ್ದ ಎರಡರಲ್ಲಿ ಒಂದನ್ನು ಬಡೇಸಾಬರು ತೆಗೆದುಕೊಂಡರು. ಅವರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಮರದ ತುಂಡಿನ ಮೇಲೆ ಅರಗು ಕಾಸಿ ಅದರಲ್ಲಿ ನಾಣ್ಯ ಕೂರಿಸಬೇಕು. ಆಗಲೇ ಅದು ಅಲ್ಲಾಡದೆ ನಿಲ್ಲುವುದು. ಆ ಕೆಲಸವನ್ನು ಮಾತ್ರ ಸೊಸೆಗೆ ಬಿಡಲಿಲ್ಲ. ನೀನು ಹೊಸಬಳು, ಉಲ್ಟಾ ಇಟ್ಟುಬಿಡ್ತೀಯ ಎಂದು ತಾವೇ ಕೂರಿಸಿ ಒತ್ತಿದರು. ಜೀನತ್ ನೋಡಿದಳು: ರಾಣಿಯ ಮುಖ ಮೇಲಿತ್ತು. ಒಂದು ರೂಪಾಯಿ ಎಂದು ಬರೆದ ಬದಿಯನ್ನಲ್ಲವೇ ಉಜ್ಜುವುದು ಎಂದು ಬಾಯಿಗೆ ಬಂತು. ಆದರೆ ಜೀವಮಾನವೆಲ್ಲ ಇದೇ ಮಾಡಿದವರು. ಇನ್ನೂ ಉಳಿಯನ್ನೇ ಹಿಡಿಯದವಳು ಅವರಿಗೆ ಏನು ಹೇಳುವುದು. ಏನೋ ಕಾರಣ ಇರಬೇಕು ಎಂದುಕೊಂಡು ಅರ ಎತ್ತಿಕೊಂಡಳು.

ಉಜ್ಜಿದ್ದಾದ ಮೇಲೆ, ಕೆತ್ತುವ ಮೊದಲು ಹಳೆಯ ಅಲ್ಯೂಮಿನಿಯಂ ಮುಚ್ಚಳದ ಮೇಲೆ ಕೈ ಪಳಗಿಸಿದಳು. ಮೆಹೆಂದಿ ಕೋನು ಮುಂದಕ್ಕೆ ಎಳೆದಂತೆ ಹೋಗುತ್ತದೆ. ಉಳಿ ಹಾಗಲ್ಲ, ಸಣ್ಣ ಸುತ್ತಿಗೆಯಿಂದ ಕುಟುಕುಟು ನಡೆಸಬೇಕು. ಸಂಜೆ ಅತ್ತೆ ಹಿಟ್ಟು ಕಲಸುವಾಗ ತಾನೂ ಬದಿಯಲ್ಲಿ ನಿಂತು ನೋಡಿದಳು. ಮಾವ ಹೇಳಿದ್ದು ಅಕ್ಷರಶಃ ನಿಜ. ಸೆರಗು ಜಾರಿತು, ಮೊಳಕೈ ಮತ್ತೆ ಎದ್ದಿತು. ಇಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ಇದ್ದೂ ಅವಳು ಅದನ್ನು ಕಂಡಿರಲಿಲ್ಲ.

ಅತ್ತೆ ಮಲಗುವ ಮಧ್ಯಾಹ್ನಗಳಲ್ಲಿ, ಅಂಗಡಿಯ ಮೋಟಾರುಗಳ ಸದ್ದಿನ ಮರೆಯಲ್ಲಿ ಕೆಲಸ ಸಾಗಿತು. ಶಬೀನಾ ಪರದೆ ಕಾಯುತ್ತಿದ್ದಳು. ಬಡೇಸಾಬರು ಬೆರಳಿನಿಂದ ಮುಟ್ಟಿ ಮುಟ್ಟಿ, ಇಲ್ಲಿ ಆಳ ಸಾಲದು, ಇಲ್ಲಿ ಹಿಟ್ಟಿನ ಹುಡಿಗೆ ಚುಕ್ಕೆ ಹಾಕು ಎನ್ನುತ್ತಿದ್ದರು. ಮುಗಿದ ದಿನ ಅರಗು ಬಿಸಿ ಮಾಡಿ ನಾಣ್ಯ ಬಿಡಿಸಿದರು, ಸೀಗೆಪುಡಿಯಲ್ಲಿ ತಿಕ್ಕಿದರು, ಮಗುಚಿ ಹೆಬ್ಬೆರಳಾಡಿಸಿದರು. ಹೆಬ್ಬೆರಳು ನಿಂತಿತು.

"ರಾಣಿ ಎಲ್ಲಿ?"

"ರಾಣಿ ಬದಿನೇ ಅಲ್ವಾ ಅಬ್ಬಾ, ನೀವು ಮೇಲಿಟ್ಟಿದ್ದು."

"ನೀನು ಹೇಳಬಾರದಿತ್ತೇನು?"

"ನಿಮಗೆ ನಾನು ಹೆಂಗೆ ಹೇಳ್ಲಿ."

ಬಡೇಸಾಬರು ಹಣೆಗೆ ಕೈ ಹಚ್ಚಿ ಕೂತುಬಿಟ್ಟರು. ನೂರು ನಾಣ್ಯ ಕೆತ್ತಿದೆ, ಒಂದರಲ್ಲೂ ಹೀಗಾಗಲಿಲ್ಲ, ಇವಳದರಲ್ಲೇ ಆಗಬೇಕಿತ್ತೇ ಎಂದರು. ಇನ್ನೊಂದು ನಾಣ್ಯ ತಾ, ಮತ್ತೆ ಮಾಡೋಣ ಎಂದರು. ಅಷ್ಟರಲ್ಲಿ ಪರದೆ ಕಾಯುತ್ತಿದ್ದ ಶಬೀನಾಳೇ, "ದಾದಿ, ಎದ್ದು ಬನ್ನಿ," ಎಂದು ಕೂಗಿಬಿಟ್ಟಿದ್ದಳು.

ದಿಲ್ಶಾದ್ ಬೇಗಂ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹೋದರು. ಎತ್ತಿದ ಮೊಳಕೈ, ಹಿಟ್ಟು ಮೆತ್ತಿದ ಬೆರಳು, ಜಾರುತ್ತಿರುವ ಸೆರಗಿನ ಅಂಚು. ಅಂಗಡಿಯಲ್ಲಿ ಜುಲ್ಫಿಕರ್ ಮೋಟಾರು ಆರಿಸಿದ. ವಾರಗಳ ಮೇಲೆ ಮೊದಲ ಸಲ ಅವರು ಗಂಡನ ಕಡೆ ನೇರವಾಗಿ ನೋಡಿದರು.

"ಪರದೆ ಇರ್ತೈತಲ್ಲ. ನಿಮಗೆ ಹೆಂಗೆ ಕಾಣ್ತು?"

"ಗಾಳಿ ಬೀಸ್ತೈತಲ್ಲ."

"ದಿನಾ ಬೀಸ್ತೈತಾ?"

"ಬೀಸದಿದ್ದ ದಿನ ನಾನೇ ಒಂಚೂರು ಸರಿಸ್ತೀನಿ."

ದಿಲ್ಶಾದ್ ಬೇಗಂ ನಾಣ್ಯವನ್ನು ಮಗುಚಿದರು. ಅಲ್ಲಿ ಒಂದು ರೂಪಾಯಿ ಎಂಬ ಬರಹ ಇದ್ದ ಹಾಗೇ ಇತ್ತು. ರಾಣಿ ಏನಾದಳು ಎಂದು ಕೇಳಿದರು. ಬಡೇಸಾಬರು ತಪ್ಪೊಪ್ಪಿಕೊಂಡರು: ಕಣ್ಣು ಕಾಣಲಿಲ್ಲ, ಉಲ್ಟಾ ಕೂರಿಸಿಬಿಟ್ಟೆ, ಅವಳು ಅಳಿಸಿಹೋದಳು, ಅವಳ ಜಾಗದಲ್ಲಿ ನೀನು ಬಂದೆ. ಇನ್ನೊಂದರಲ್ಲಿ ಸರಿಯಾಗಿ ಮಾಡಿಸಿ ಕೊಡ್ತೀನಿ.

"ಇದನ್ನ ತಪ್ಪು ಅಂತ ಇನ್ನೊಬ್ಬರ ಹತ್ರ ಹೇಳೀರಿ," ಎಂದು ದಿಲ್ಶಾದ್ ಬೇಗಂ ನಾಣ್ಯವನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಅವತ್ತು ಸಂಜೆ ಅವರು ಬಿರಿಯಾನಿ ಮಾಡಿದರು. ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಲು ತಾವೇ ಹೋದರು. ಪ್ರತಿ ಮನೆಯಲ್ಲೂ ಸೆರಗಿನ ಗಂಟು ಬಿಚ್ಚಿ ತೋರಿಸಿ ಬರುವುದರೊಳಗೆ ಮನೆಯವರಿಗೆ ಉಳಿದದ್ದು ತಣ್ಣಗಾಗಿತ್ತು.

ತಿಂಗಳು ತುಂಬಿ ಜಯದೇವಪ್ಪ ಬಂದರು. ಎರಡರಲ್ಲಿ ಒಂದು ನಾಣ್ಯ ಮಾತ್ರ ಮೇಜಿನ ಮೇಲಿತ್ತು. ಇನ್ನೊಂದರ ಕಥೆಯನ್ನು ಜುಲ್ಫಿಕರ್ ತಡವರಿಸುತ್ತ ಹೇಳಿದ. ದಿಲ್ಶಾದ್ ಬೇಗಂ ಪರದೆ ಸರಿಸಿ ಬಂದು ಸೆರಗಿನ ಗಂಟು ಬಿಚ್ಚಿದರು. ಜಯದೇವಪ್ಪ ನಾಣ್ಯದ ಎರಡೂ ಬದಿ ನೋಡಿ ನಾಲಿಗೆ ಲೊಚಗುಟ್ಟಿದರು.

"ರಾಣಿ ಮುಖಾನೇ ಹೋಗೈತಲ್ಲಮ್ಮ. ಇದು ಈ ಕಡೆ ನಾಣ್ಯನೂ ಅಲ್ಲ, ಆ ಕಡೆ ಹಳೇದೂ ಅಲ್ಲ. ನನ್ನ ಮಾಲು. ಒಂದೋ ಇನ್ನೂರು ಕೊಡಿ, ಇಲ್ಲಾಂದ್ರೆ ಬೆಳ್ಳಿ ರೇಟಿಗೆ ನಾನೇ ತಗೊಂಡು ಹೋಗ್ತೀನಿ."

ನಾಣ್ಯ ಅವರದು, ಅದರಲ್ಲಿ ಎರಡು ಮಾತಿಲ್ಲ. 

"ಬೆಳ್ಳಿ ರೇಟಿಗಾ?" ಎಂದರು ದಿಲ್ಶಾದ್ ಬೇಗಂ. "ಜೇಬಿನಾಗೆ ಭೂತಗನ್ನಡಿ ಇಟ್ಕೊಂಡು ಬರಿಗಣ್ಣಾಗೆ ನೋಡ್ತೀರಲ್ಲ. ಕೂತ್ಕೊಂಡು ನೋಡ್ರಿ." ಶಬೀನಾಳನ್ನು ಕರೆದು ಸರ್ಕಲ್ಲಿನ ಗಾಡಿಯಿಂದ ಮಂಡಕ್ಕಿ ಮಿರ್ಚಿ ತರಲು ಓಡಿಸಿದರು.

ಮಿರ್ಚಿ ಬಿಸಿಬಿಸಿ ಬಂತು. ಜಯದೇವಪ್ಪ ಒಂದು ಕಣ್ಣಿಗೆ ಗಾಜು ಹಚ್ಚಿ ನೋಡುತ್ತ ಒಂದನ್ನು ತಿಂದರು. ಹಿಟ್ಟಿನ ಹುಡಿಯ ಚುಕ್ಕೆಗಳ ಮೇಲೆ ಗಾಜು ಬಹಳ ಹೊತ್ತು ನಿಂತಿತು. ಯಾರು ಕೆತ್ತಿದ್ದು ಎಂದರು. ನನ್ನ ಸೊಸೆ ಎಂದರು ದಿಲ್ಶಾದ್ ಬೇಗಂ. ಹೇಳಿದ್ದು ಯಾರು? ನನ್ನ ಗಂಡ. ಎಷ್ಟು ವರ್ಷಕ್ಕೆ ಹೇಳಿದರು? ಐವತ್ತು ವರ್ಷಕ್ಕೆ. ರಾಣಿ ಯಾಕೆ ಹೋದಳು? ಜಾಗ ಬಿಟ್ಟುಕೊಡು ಅಂದ್ವಿ, ಬಿಟ್ಟುಕೊಟ್ಟಳು.

ಜಯದೇವಪ್ಪ ಬಾಯಿ ಒರೆಸಿಕೊಂಡು, ಇಂಥದ್ದನ್ನು ಎಲ್ಲೂ ಕಂಡಿಲ್ಲ, ಕೆತ್ತನೆಗೆಂದು ಐನೂರು ಕೊಡುತ್ತೇನೆ ಎಂದರು. ಐನೂರಕ್ಕೆ ಸೆರಗಿನ ಅಂಚೂ ಬರುವುದಿಲ್ಲ ಎಂದರು ದಿಲ್ಶಾದ್ ಬೇಗಂ. ಇನ್ನೊಂದು ಮಿರ್ಚಿಗೆ ಸಾವಿರವಾಯಿತು. ಮೊಳಕೈಗೇ ಸಾವಿರ ಬೇರೆ ಆಗುತ್ತದಲ್ಲ ಎಂದರು ದಿಲ್ಶಾದ್ ಬೇಗಂ. ಹದಿನೈದು ನೂರಾಯಿತು. ಜಯದೇವಪ್ಪನವರ ಬೆನ್ನ ಹಿಂದೆ ನಿಂತ ಜುಲ್ಫಿಕರ್ ತಾಯಿಗೆ ಹೂಂ ಎನ್ನು, ಹೂಂ ಎನ್ನು ಎಂದು ಕೈಸನ್ನೆ ಮಾಡುತ್ತಿದ್ದ. ಬೆಂಚಿನ ಮೇಲಿದ್ದ ಬಡೇಸಾಬರು ತಟ್ಟನೆ ಸೊಸೆಯ ಕಡೆ ಬಾಗಿದರು.

"ಕೊಟ್ಟುಬಿಡ್ತಾಳೇನೇ?"

ಜೀನತ್‌ಗೂ ಗೊತ್ತಿರಲಿಲ್ಲ.

"ಎರಡೂವರೆ ಸಾವಿರ," ಎಂದರು ಜಯದೇವಪ್ಪ. "ಇದರ ಮೇಲೆ ಒಂದು ಪೈಸೆ ಇಲ್ಲಮ್ಮ. ಯಾರೂ ಕೊಡಲ್ಲ."

"ಎರಡೂವರೆ ಸಾವಿರ," ಎಂದು ದಿಲ್ಶಾದ್ ಬೇಗಂ ನಿಧಾನವಾಗಿ ಹೇಳಿ ಗಂಡನ ಕಡೆ ತಿರುಗಿದರು. "ಕೇಳಿಸ್ತೇನ್ರಿ?"

ಕೇಳಿಸಿತು ಎಂದರು ಬಡೇಸಾಬರು, ಸಣ್ಣ ದನಿಯಲ್ಲಿ.

ದಿಲ್ಶಾದ್ ಬೇಗಂ ಜಯದೇವಪ್ಪನವರ ಬೆರಳುಗಳ ನಡುವಿನಿಂದ ನಾಣ್ಯ ತೆಗೆದುಕೊಂಡು ಸೆರಗಿಗೆ ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದರು. ಸೊಂಟದ ಚೀಲದಿಂದ ನೂರರ ಎರಡು ನೋಟು ತೆಗೆದು ಮಿರ್ಚಿ ತಟ್ಟೆಯ ಅಂಚಿನ ಕೆಳಗೆ ಇಟ್ಟರು.

"ಇದು ನಿಮ್ಮ ರಾಣಿ ದುಡ್ಡು. ತಗೊಳ್ರಿ, ಇನ್ನೊಂದು ಮಿರ್ಚಿ ಐತೆ, ಆರಿಹೋಗ್ತೈತೆ."

ಜಯದೇವಪ್ಪ ಸ್ವಲ್ಪ ಹೊತ್ತು ಬರಿದಾದ ತಮ್ಮ ಬೆರಳುಗಳನ್ನು ನೋಡಿದರು. ಆಮೇಲೆ ಮಿರ್ಚಿ ತೆಗೆದುಕೊಂಡರು.